ಕುಶಾಲನಗರ ಪೇಟೆಯ ಒಂದು ನೋಟ್‌ಬುಕ್ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್

ಮೊದಲು ದೂರುಗಳನ್ನು ಹೇಳಿಬಿಡುತ್ತೇನೆ. ಅಂಗಡಿ ಇಕ್ಕಟ್ಟು. ಇಬ್ಬರು ಒಳಗೆ ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕೊಡೆ ಹಿಡಿದು ಕಾಯಬೇಕು. ಮಧ್ಯಾಹ್ನ ಒಂದೂವರೆಗೆ ಶಟರ್ ಎಳೆದರೆ ಮತ್ತೆ ತೆಗೆಯುವುದು ಮೂರೂವರೆಗೆ. ಚಿಲ್ಲರೆ ಬದಲು ರಬ್ಬರ್ ಕೊಟ್ಟು ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಈಗ ಹನ್ನೊಂದು ರಬ್ಬರ್ ಇವೆ. ಮಳೆಗಾಲದಲ್ಲಿ ಕೆಳಗಿನ ರ್ಯಾಕಿನ ಪುಸ್ತಕ ತೆಗೆದುಕೊಳ್ಳಬೇಡಿ, ಹಾಳೆ ತಂಡಿ ಹಿಡಿದು ಇಂಕು ಹರಡುತ್ತದೆ. ಮೇಲಿನದ್ದನ್ನೇ ಕೇಳಿ. ಏಣಿ ಹತ್ತಬೇಕು ಅಂತ ಯಜಮಾನರು ಗೊಣಗುತ್ತಾರೆ. ಗೊಣಗಲಿ.

ಇಷ್ಟಾದರೂ ಜೂನ್ ಬಂದರೆ ನಾನು ಬೇರೆ ಅಂಗಡಿಗೆ ಹೋಗುವುದಿಲ್ಲ. ಕಾರಣ 2018ರ ಆಗಸ್ಟ್.

ಆ ತಿಂಗಳ ಮಧ್ಯದಲ್ಲಿ ಮಡಿಕೇರಿ ಸುತ್ತಿನ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹೆಬ್ಬೆಟ್ಟಗೇರಿ ಕಡೆ ಗುಡ್ಡ ಜಾರಿ, ಜನ ಉಟ್ಟ ಬಟ್ಟೆಯಲ್ಲೇ ಇಳಿದು ಬಂದರು. ನಾನು ಒಂದು ಪರಿಹಾರ ಕೇಂದ್ರದಲ್ಲಿ ತರಕಾರಿ ಹೆಚ್ಚಲು ಹೋಗುತ್ತಿದ್ದೆ. ಸಾಮಾನಿಗೇನೂ ಕಮ್ಮಿ ಇರಲಿಲ್ಲ. ಬ್ರೆಡ್ಡು, ನೀರಿನ ಬಾಟಲಿ, ಹಳೇ ಬಟ್ಟೆಯ ರಾಶಿ. ಆ ರಾಶಿಯಲ್ಲಿ ಒಂದು ಶೇರ್ವಾನಿಯೂ ಇತ್ತು! ಬಿಸ್ಕತ್ತು ತಿಂದು ತಿಂದು ಮಕ್ಕಳಿಗೆ ಸಾಕಾಗಿತ್ತು. ಏಳನೇ ಕ್ಲಾಸಿನ ಒಬ್ಬಳು ಬಿಸ್ಕತ್ತಿನ ರಟ್ಟಿನ ಡಬ್ಬ ಹರಿದು, ಅದರ ಒಳಮೈಯಲ್ಲಿ ಲೆಕ್ಕ ಮಾಡುತ್ತಿದ್ದಳು.

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಪುಕ್ಕಟೆ ಸಿಗುತ್ತವೆ. ನೋಟ್‌ಬುಕ್ ಆಗ ಮನೆಯವರೇ ಕೊಳ್ಳಬೇಕಿತ್ತು. ಜೂನ್‌ನಿಂದ ಬರೆದ ನೋಟ್ಸೆಲ್ಲ ಮಣ್ಣಿನಡಿ ಹೋಗಿತ್ತು.

ನಮ್ಮ ಬೀದಿಯಲ್ಲಿ ದುಡ್ಡು ಎತ್ತಿ ಈ ಅಂಗಡಿಗೆ ಹೋದೆ. ನೂರು ಪುಸ್ತಕ ಕೊಡಿ ಅಂದೆ. "ಯಾವ ಕ್ಲಾಸಿಗೆ? ಯಾವ ಮೀಡಿಯಂ?" ನನಗೆ ಗೊತ್ತಿರಲಿಲ್ಲ. "ಕೇಳಿಕೊಂಡು ಬನ್ನಿ ಅಕ್ಕಾ. ಒಂದನೇ ಕ್ಲಾಸಿನ ಮಗು ಇನ್ನೂರು ಪೇಜಿನ ಉದ್ದ ಪುಸ್ತಕ ಇಟ್ಟುಕೊಂಡು ಏನು ಮಾಡುತ್ತೆ?" ಸಿಟ್ಟು ಬಂತು. ಇಂಥ ಹೊತ್ತಲ್ಲೂ ಇವರ ತಕರಾರು ನೋಡಿ ಅಂತ ದಾರಿಯುದ್ದಕ್ಕೂ ಬೈದುಕೊಂಡೆ.

ರಾತ್ರಿ ಅಂಗಡಿ ಮುಚ್ಚಿ ಅವರೇ ಸ್ಕೂಟರಿನಲ್ಲಿ ಬಂದರು. ಚಾಪೆ ಮೇಲೆ ಕೂತು ಒಂದೊಂದೇ ಮಗುವನ್ನು ಕರೆದು ಕೇಳಿದರು. ಎಷ್ಟನೇ ಕ್ಲಾಸು, ಹೆಸರು, ಇನಿಶಿಯಲ್. ಚಿಕ್ಕವರಿಗೆ ಕನ್ನಡ ಕಾಪಿಗೆ ಎರಡು ಗೆರೆ, ಇಂಗ್ಲಿಷಿಗೆ ನಾಲ್ಕು ಗೆರೆ, ಲೆಕ್ಕಕ್ಕೆ ಚೌಕದ್ದು. ಹತ್ತನೆಯವರಿಗೆ ಗ್ರಾಫ್ ಪುಸ್ತಕ. ಮಾರನೇ ದಿನ ಬಂಡಲ್ ಬಂದಾಗ ಎಲ್ಲಕ್ಕೂ ಬ್ರೌನ್ ಪೇಪರ್ ಬೈಂಡ್ ಹಾಕಿ, ಮೇಲೆ ಲೇಬಲ್ ಅಂಟಿಸಿತ್ತು. ದುಂಡು ಅಕ್ಷರ ಅವರ ಹೆಂಡತಿಯದು. ರಾತ್ರಿಯೆಲ್ಲ ಕೂತು ಬರೆದಿದ್ದಾರೆ. ಒಬ್ಬ ಹುಡುಗ ಇನಿಶಿಯಲ್ ತಪ್ಪಾಗಿದೆ ಅಂತ ಅಳುತ್ತಾ ಬಂದ. ಅಷ್ಟು ದಿನ ಅವನು ಅತ್ತದ್ದನ್ನೇ ನಾನು ನೋಡಿರಲಿಲ್ಲ. ಸಂಜೆಗೆ ಹೊಸ ಲೇಬಲ್ ಬಂತು.

ಪುಕ್ಕಟೆ ಕೊಡಲಿಲ್ಲ, ಅದನ್ನೂ ಹೇಳಬೇಕು. ಅಸಲು ತಗೊಂಡರು, ಬಿಲ್ಲೂ ಕೊಟ್ಟರು. ಬೈಂಡಿಗೆ, ಲೇಬಲ್ಲಿಗೆ ಮಾತ್ರ ಕಾಸು ಮುಟ್ಟಲಿಲ್ಲ. ನಮ್ಮ ಬೀದಿಯ ಹೈಸ್ಕೂಲ್ ಹುಡುಗಿಯರು ಕೇಂದ್ರಕ್ಕೆ ತಮ್ಮ ನೋಟ್ಸ್ ತಂದು, ಆ ಮಕ್ಕಳ ಜೊತೆ ಕೂತು ಜೂನ್, ಜುಲೈ ಪಾಠ ಬರೆದುಕೊಟ್ಟರು. ಅವರಿಗೆ ಬೇಕಾಗುತ್ತೆ ಅಂತ ಅಂಗಡಿ ಯಜಮಾನರು ಒಂದು ಡಬ್ಬಿ ಪೆನ್ನು ಕಳಿಸಿದ್ದರು. ಅದನ್ನು ಬಿಲ್ಲಿಗೆ ಹಾಕಿರಲಿಲ್ಲ. ಮರೆತರೋ ಏನೋ ಅಂತ ಕೇಳಲು ಹೋದರೆ, ಹಿಂದೆ ಗಿರಾಕಿ ನಿಂತಿದ್ದಾರೆ, ಜಾಗ ಬಿಡಿ ಅಂದರು.

ಮರುವರ್ಷ ಆಗಸ್ಟ್‌ನಲ್ಲಿ ಕಾವೇರಿ ನಮ್ಮ ಊರಿನ ಬಡಾವಣೆಗಳಿಗೇ ನುಗ್ಗಿತು. ಆ ಸಲ ನಾನು ಕ್ಲಾಸಿನ ಪಟ್ಟಿ ಮಾಡಿಕೊಂಡೇ ಅಂಗಡಿಗೆ ಹೋದೆ. ಪಟ್ಟಿಯಲ್ಲಿ ಮೀಡಿಯಂ ಬರೆದಿಲ್ಲ ಅಂತ ಬೈಸಿಕೊಂಡೆ.

ಪುಸ್ತಕ, ಪೆನ್ಸಿಲ್, ಕಂಪಾಸ್ ಬಾಕ್ಸ್ ಇಲ್ಲಿ ಧಾರಾಳವಾಗಿ ತಗೊಳ್ಳಿ. ಸ್ಕೂಲ್ ಬ್ಯಾಗ್ ಬೇಡ, ಜಿಪ್ ದಸರಾವರೆಗೂ ಬಾಳುವುದಿಲ್ಲ. ಫೋನ್‌ಪೇ ಇದೆ, ಆದರೆ ಸ್ಕ್ಯಾನ್ ಮಾಡುವ ಹಾಳೆ ಕ್ಯಾಲೆಂಡರ್ ಹಿಂದೆ ಇರುತ್ತದೆ. ಕೇಳಿದರೆ ತೋರಿಸುತ್ತಾರೆ.