ಲೇಬಿಯಾಪ್ಲಾಸ್ಟಿ, ಲೇಸರ್, ಯೋನಿ ಬಿಗಿ ಮಾಡುವುದು: ಯಾವುದು ಸರಿ, ಯಾವುದು ಬೇಡ

ಗುಪ್ತಾಂಗದ ಸೌಂದರ್ಯ ಚಿಕಿತ್ಸೆ ಎಂದು ಕ್ಲಿನಿಕ್‌ಗಳು ಒಂದೇ ಪಟ್ಟಿಯಲ್ಲಿ ಬರೆಯುವ ಸೇವೆಗಳೆಲ್ಲ ಒಂದೇ ತೂಕದವಲ್ಲ. ನಿಜವಾದ ತೊಂದರೆಯನ್ನು ನೇರವಾಗಿ ಕಳೆಯಬಲ್ಲದ್ದು ಲೇಬಿಯಾಪ್ಲಾಸ್ಟಿ, ಅಂದರೆ ಯೋನಿಯ ಒಳತುಟಿಗಳನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ. ಸೈಕಲ್ ತುಳಿಯುವಾಗ ಉಜ್ಜಿ ಉರಿಯುವುದು, ಸಂಭೋಗದಲ್ಲಿ ಚರ್ಮ ಒಳಕ್ಕೆ ಮಡಚಿ ನೋಯುವುದು ಇದ್ದವರಿಗೆ ಇದು ತಕ್ಕ ಆಯ್ಕೆ. ನೋಟವೊಂದೇ ಕಾರಣವಾದರೆ ಇದನ್ನು ಮೊದಲು ತಿಳಿದಿರಿ: 2005ರ ಒಂದು ಅಧ್ಯಯನದಲ್ಲಿ 50 ಮಹಿಳೆಯರನ್ನು ಅಳೆದಾಗ ಒಳತುಟಿಯ ಅಗಲ 7ರಿಂದ 50 ಮಿ.ಮೀ.ವರೆಗೆ ಇತ್ತು. ಎಡಬಲ ಹೆಚ್ಚುಕಮ್ಮಿ ಇರುವುದೂ ಸಹಜವೇ. ಬೆಳವಣಿಗೆ ಮುಗಿಯದ ಹುಡುಗಿಯರಿಗೆ ಇದು ಬೇಡವೇ ಬೇಡ.

ಮುಖ್ಯ ವಿಧಾನಗಳು ಎರಡು. ಟ್ರಿಮ್‌ನಲ್ಲಿ ಅಂಚನ್ನು ಉದ್ದಕ್ಕೂ ಕತ್ತರಿಸಿ ಹೊಲಿಯುತ್ತಾರೆ. ಕಪ್ಪಾದ ಅಂಚು ಹೋಗುತ್ತದೆ, ಆದರೆ ಗಾಯದ ಗೆರೆ ಅಂಚಿನಲ್ಲೇ ಉಳಿಯುತ್ತದೆ; ಕೈ ಸ್ವಲ್ಪ ಮುಂದೆ ಹೋದರೂ ತುಟಿಯೇ ಇಲ್ಲದಂತಾಗುತ್ತದೆ. ವೆಡ್ಜ್‌ನಲ್ಲಿ ನಡುವಿನ ತ್ರಿಕೋನದ ತುಂಡು ತೆಗೆದು ಮೇಲಿನ, ಕೆಳಗಿನ ಭಾಗಗಳನ್ನು ಕೂಡಿಸುತ್ತಾರೆ. ಸಹಜ ಅಂಚು ಉಳಿಯುತ್ತದೆ. ಆದರೆ ಎಳೆತವೆಲ್ಲ ಆ ಒಂದು ಜೋಡಣೆಯ ಮೇಲೆಯೇ ಬೀಳುವುದರಿಂದ, ಹೊಲಿಗೆ ಪದರಪದರವಾಗಿ ಬೀಳದಿದ್ದರೆ ಅದು ಬಿಟ್ಟುಕೊಂಡು ತೂತೋ ಕಚ್ಚೋ ಆಗುತ್ತದೆ. ಬಿಟ್ಟ ಹೊಲಿಗೆಯನ್ನು ಸರಿಪಡಿಸಲು ಬಾವು ಪೂರ್ತಿ ಇಳಿಯುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ‘ಎಷ್ಟು ಕತ್ತರಿಸುತ್ತೀರಿ’ ಎನ್ನುವುದಕ್ಕಿಂತ ‘ಎಷ್ಟು ಉಳಿಸುತ್ತೀರಿ’ ಎಂದು ಕೇಳಿ. ಸುಮಾರು 1 ಸೆಂ.ಮೀ. ಉಳಿಯಲೇಬೇಕು, ಅತಿಯಾಗಿ ತೆಗೆದರೆ ಒಣಗುವಿಕೆ, ನೋವು ಅಂಟಿಕೊಳ್ಳುತ್ತವೆ, ತೆಗೆದದ್ದನ್ನು ಮತ್ತೆ ತುಂಬುವುದು ಬಹಳ ಕಷ್ಟ.

ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ಹೊಲಿಗೆ ತಾನೇ ಕರಗುತ್ತದೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10–15 ನಿಮಿಷ ಇಟ್ಟು ತೆಗೆಯಬೇಕು. ಮೂತ್ರ ಮಾಡಿದ ಮೇಲೆ ಬರೀ ನೀರಲ್ಲಿ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಸಂಭೋಗ, ಟ್ಯಾಂಪೂನ್, ಸೈಕಲ್ ಸುಮಾರು 6 ವಾರ ಬಿಡಬೇಕು. ಒಂದೇ ಬದಿ ದಿಢೀರನೆ ಊದಿ ಗಟ್ಟಿಯಾಗಿ ನೋಯತೊಡಗಿದರೆ ಒಳಗೆ ರಕ್ತ ಕಟ್ಟುತ್ತಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿ (ರೇಡಿಯೋ ಅಲೆಗಳಿಂದ ಒಳಚರ್ಮವನ್ನು ಬಿಸಿ ಮಾಡುವುದು) ಮೂಲಕ ‘ಯೋನಿಗೆ ಮರುಯೌವನ’ ಎನ್ನುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಸುಟ್ಟಗಾಯ, ಕಲೆ, ಸಂಭೋಗದ ನೋವು ಉಂಟಾಗಬಹುದೆಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಮುಟ್ಟು ನಿಂತ 85 ಮಹಿಳೆಯರ ಮೇಲಿನ, 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವರ್ಷದ ನಂತರ ಲೇಸರ್‌ಗೂ, ಹೋಲಿಕೆಗಾಗಿ ಮಾಡಿದಂತೆ ತೋರಿಸುವ ನಕಲಿ ಚಿಕಿತ್ಸೆಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಣಗುವಿಕೆಗೆ ವೈದ್ಯರು ಬರೆದುಕೊಡುವ ಈಸ್ಟ್ರೋಜನ್ ಕ್ರೀಮ್‌ನ ಬಗ್ಗೆ ಮೊದಲು ಕೇಳಿ.

ಹೆರಿಗೆಯ ನಂತರದ ಸಡಿಲಕ್ಕೆ ಚರ್ಮ ಕತ್ತರಿಸುವ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕನಿಷ್ಠ 3 ತಿಂಗಳು ಕೆಗೆಲ್ ವ್ಯಾಯಾಮ (ಯೋನಿಯ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು) ಕಲಿತು ಮಾಡಿ. ತೊಂದರೆ ಹೆಚ್ಚಾಗಿ ಸ್ನಾಯುವಿನಲ್ಲಿರುತ್ತದೆ. ಅತಿ ಬಿಗಿ ಮಾಡಿದರೆ ಸಂಭೋಗವೇ ನೋವಾಗುತ್ತದೆ. ಹೊರತುಟಿಗೆ ಕೊಬ್ಬು ತುಂಬಿಸಿದರೆ ಒಂದು ಭಾಗ ಕರಗಿಹೋಗುತ್ತದೆ. ಕನ್ಯಾಪೊರೆಯ ಹೊಲಿಗೆಯಿಂದ ದೇಹಕ್ಕೆ ಯಾವ ಲಾಭವೂ ಇಲ್ಲ.

ವೈದ್ಯರನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಕತ್ತರಿಸುವ ಗುರುತು ಯಾವಾಗ ಹಾಕುತ್ತೀರಿ? ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಜಾಗ ಊದಿಕೊಂಡು ಅಳತೆ ತಪ್ಪುತ್ತದೆ. ಅದಕ್ಕೆ ಮೊದಲೇ ಗೆರೆ ಎಳೆದು ನಿಮಗೂ ಕನ್ನಡಿಯಲ್ಲಿ ತೋರಿಸುವವರ ಬಳಿ ಹೋಗಿ.