ಹೆಸರಿಗೆ ‘ನೀರು’, ಒಳಗೆ ವಿಸ್ಕಿಯಷ್ಟೇ ಮದ್ಯಸಾರ: ಚೀನಾದ ಹೊಟ್ಟೆಮದ್ದಿನ ಬಗ್ಗೆ ಎಚ್ಚರಿಕೆ

ಚೀನಾಕ್ಕೆ ವೈದ್ಯಕೀಯ ಓದಲು ಹೋಗುವವರು, ಗುವಾಂಗ್‌ಝೌ, ಯಿವು ಕಡೆ ಸರಕು ತರಲು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಹುವೊಷಿಯಾಂಗ್ ಝೆಂಗ್‌ಚಿ ಶುಯಿ’ ಅಂತ ಒಂದು ಮದ್ದಿದೆ. ವಾಂತಿ, ಭೇದಿ, ಹೊಟ್ಟೆ ಉಬ್ಬರ ಎಂದರೆ ಅಲ್ಲಿನ ಔಷಧಿ ಅಂಗಡಿಯವರು ಡಾಕ್ಟರ ಚೀಟಿಯನ್ನೂ ಕೇಳದೆ ಕೈಗಿಡುವುದು ಇದನ್ನೇ. ಹೆಬ್ಬೆರಳು ಗಾತ್ರದ 10 ಮಿ.ಲೀ. ಸೀಸೆಗಳು, ಸಾಮಾನ್ಯವಾಗಿ ಡಬ್ಬಿಗೆ ಹತ್ತು, ಜತೆಗೆ ಪುಟ್ಟ ಸ್ಟ್ರಾ. ‘ಶುಯಿ’ ಅಂದರೆ ನೀರು. ಆದರೆ ಆ ಸೀಸೆಯಲ್ಲಿ ಶೇ. 40ರಿಂದ 50ರಷ್ಟು ಆಲ್ಕೋಹಾಲ್ ಇರುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿರುವುದು ಶೇ. 42.8.

ಎಡವಟ್ಟು ಆಗುವುದು ಹೀಗೆ. ಹೊಟ್ಟೆ ಕೆಡುತ್ತದೆ. ಊರಿಂದ ಬರುವಾಗ ಬ್ಯಾಗಿಗೆ ಹಾಕಿಕೊಂಡ ಭೇದಿ ಮಾತ್ರೆ ಹೇಗೂ ಇರುತ್ತದೆ: ಮೆಟ್ರೊನಿಡಜೋಲ್, ಇಲ್ಲವೇ ನಾರ್‌ಫ್ಲಾಕ್ಸಸಿನ್ ಜತೆ ಟಿನಿಡಜೋಲ್ ಸೇರಿಸಿದ್ದು. ಅದನ್ನು ನುಂಗಿ ಒಂದು ದಿನ ಕಳೆದರೂ ಪೂರ್ತಿ ಗುಣ ಕಾಣದೆ, ಪಕ್ಕದ ರೂಮಿನವರ ಮಾತು ಕೇಳಿ ಈ ಸೀಸೆಯನ್ನೂ ಕುಡಿದದ್ದಾಯಿತು. ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಖ, ಕತ್ತು, ಎದೆ ಕೆಂಪೇರಿ ಬಿಸಿಯಾಗುತ್ತದೆ. ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ವಾಕರಿಕೆ ಬರುತ್ತದೆ. ಜೋರಾದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಇದರಲ್ಲಿ ತೀರಾ ಕೆಟ್ಟದ್ದು ಆ ವಾಕರಿಕೆ. ಮದ್ದು ಕುಡಿದದ್ದೇ ವಾಕರಿಕೆಗಾಗಿ ತಾನೇ? ಹಾಗಾಗಿ ‘ಇನ್ನೂ ಹಿಡಿದಿಲ್ಲ’ ಅಂದುಕೊಂಡು ಎರಡನೇ ಸೀಸೆ ಒಡೆಯುತ್ತಾರೆ.

ಒಳಗೆ ನಡೆಯುವುದು ಇಷ್ಟು. ಕುಡಿದ ಆಲ್ಕೋಹಾಲನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾಡಿ, ಆಮೇಲೆ ಇನ್ನೊಂದು ಕಿಣ್ವದ ಮೂಲಕ ಅದನ್ನು ನಿರಪಾಯ ಮಾಡುತ್ತದೆ. ಕೆಲವು ಔಷಧಿಗಳು ಆ ಎರಡನೇ ಕಿಣ್ವಕ್ಕೆ ಅಡ್ಡ ನಿಲ್ಲುತ್ತವೆ. ವಿಷ ರಕ್ತದಲ್ಲೇ ಉಳಿಯುತ್ತದೆ. ಈ ಗುಣ ಢಾಳಾಗಿ ಇರುವುದು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್‌ನಲ್ಲಿ. ಅದನ್ನು ನಿಲ್ಲಿಸಿ ಎರಡು ವಾರವಾದರೂ ಪರಿಣಾಮ ಉಳಿದಿರಬಹುದು. ಸೆಫೊಪೆರಜೋನ್‌ನಂಥ ಕೆಲವು ಸೆಫಲೋಸ್ಪೊರಿನ್ (ಆಂಟಿಬಯಾಟಿಕ್‌ಗಳ ಒಂದು ಬಳಗ) ಇಂಜೆಕ್ಷನ್‌ಗಳಲ್ಲೂ ಇದು ಚೆನ್ನಾಗಿಯೇ ಇದೆ. ‘ಸೆಫಲೋಸ್ಪೊರಿನ್ ಜತೆ ಹೆಂಡ ಸೇರಿದರೆ, ಹೊರಟೆ ಅಂದರೆ ಹೊರಟೇ ಹೋದೆ’ ಎಂಬರ್ಥದ ಪ್ರಾಸದ ಮಾತೇ ಚೀನೀಯರಲ್ಲಿದೆ. ಅಷ್ಟು ಗೊತ್ತಿದ್ದೂ ಈ ಸೀಸೆಯನ್ನು ಹೆಂಡದ ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಮೆಟ್ರೊನಿಡಜೋಲ್ ವಿಷಯದಲ್ಲಿ ಸಂಶೋಧಕರಲ್ಲೇ ಭಿನ್ನಾಭಿಪ್ರಾಯವಿದೆ, ಎಲ್ಲರಿಗೂ ಹೀಗೆ ಆಗುವುದಿಲ್ಲ ನಿಜ. ಆದರೂ ಮೆಟ್ರೊನಿಡಜೋಲ್, ಟಿನಿಡಜೋಲ್ ಎರಡಕ್ಕೂ ಇರುವ ಸೂಚನೆ ಒಂದೇ: ಮಾತ್ರೆ ನಡೆಯುವಾಗ ಮತ್ತು ಕೊನೆಯ ಮಾತ್ರೆಯ ನಂತರ ಮೂರು ದಿನ ಆಲ್ಕೋಹಾಲ್ ಬೇಡ. ಭೇದಿಯಿಂದ ಮೊದಲೇ ನೀರಿನಂಶ ಕಳೆದುಕೊಂಡ ದೇಹದಲ್ಲಿ ರಕ್ತದೊತ್ತಡ ಇಳಿದರೆ ತಡೆಯುವುದು ಕಷ್ಟ.

ಮುಖ ಕೆಂಪಾಗಿದ್ದನ್ನು ತೋರಿಸಿದರೆ ಅಂಗಡಿಯವರು ನಕ್ಕು ಸುಮ್ಮನಾಗಬಹುದು. ಅದಕ್ಕೂ ಕಾರಣವಿದೆ. ಪೂರ್ವ ಏಷ್ಯಾದ ಬಹಳಷ್ಟು ಜನರಿಗೆ ಇದೇ ಕಿಣ್ವ ಹುಟ್ಟಿನಿಂದಲೇ ಮಂದ. ಒಂದು ಗುಟುಕಿಗೇ ಕೆಂಪಾಗುವುದು ಅವರಿಗೆ ದಿನನಿತ್ಯದ ನೋಟ. ಅವರ ನಗು ನಂಬಿ ಕೂರಬೇಡಿ.

ಮದ್ದಿನ ಮೇಲೆ ನಮಗೇನೂ ದ್ವೇಷವಿಲ್ಲ. ಸಾಂಗ್ ರಾಜವಂಶದ ಕಾಲದ ಸರ್ಕಾರಿ ಔಷಧಾಲಯದ ಪಟ್ಟಿಯಿಂದ ಬಂದ ಯೋಗ, ಅಂದರೆ ಮೂಲಿಕೆಗಳ ಮಿಶ್ರಣ, ಇದು. ನಮ್ಮ ಪಚ್ಚೆತೆನೆಯ ಬಳಗದ ಗಿಡದ ಎಣ್ಣೆ, ಒಣಗಿಸಿದ ಕಿತ್ತಳೆ ಸಿಪ್ಪೆ, ಮ್ಯಾಗ್ನೋಲಿಯಾ ತೊಗಟೆ, ಜ್ಯೇಷ್ಠಮಧು ಎಲ್ಲ ಇವೆ. ಮಲೆನಾಡಿನಲ್ಲಿ ತಿಪ್ಪೆಗೆ ಎಸೆಯುವ ಅಡಿಕೆ ಸಿಪ್ಪೆಯೂ ಇದೆ! ಈ ಯೋಗ ಶೀತಕ್ಕೆ, ತಣ್ಣನೆಯದನ್ನು ತಿಂದು ಕೆಟ್ಟ ಹೊಟ್ಟೆಗೆ ಅನ್ನುತ್ತದೆ ಅವರದೇ ಶಾಸ್ತ್ರ. ಬಿರುಬಿಸಿಲಿನಲ್ಲಿ ಕುಸಿದವರ ಬಾಯಿಗೆ ಇದನ್ನೇ ಸುರಿಯುವುದು ಆ ಶಾಸ್ತ್ರಕ್ಕೂ ಒಪ್ಪದ ಕೆಲಸ.

‘ಹಾಗಿದ್ದರೆ ಸಾಮಗ್ರಿ ತಂದು ನಾವೇ ಕಷಾಯ ಮಾಡಿಕೊಳ್ಳುತ್ತೇವೆ, ಆಲ್ಕೋಹಾಲ್ ಇರುವುದಿಲ್ಲ’ ಎನ್ನುವವರಿಗೆ ಒಂದು ಮಾತು. ಇದರಲ್ಲಿ ‘ಬಾನ್‌ಷಿಯಾ’ ಎಂಬ ಗೆಡ್ಡೆ ಇದೆ, ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಲದ್ದು. ಕೆಸುವಿನ ತುರಿಕೆ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಹಸಿಯದು ನಾಲಿಗೆ ಜೋಮು ಹಿಡಿಸಿ ಗಂಟಲು ಊದಿಸುತ್ತದೆ. ಚೀನಾ ಸರ್ಕಾರದ ವಿಷಮೂಲಿಕೆಗಳ ಪಟ್ಟಿಯಲ್ಲೇ ಇದೆ. ಕಾರ್ಖಾನೆಯಲ್ಲಿ 8 ಗಂಟೆಗೊಮ್ಮೆ ನೀರು ಬದಲಿಸುತ್ತ ಗೆಡ್ಡೆಯ ನಡುವಿನವರೆಗೆ ನೆನೆಸಿ, ಒಣಶುಂಠಿ ಸೇರಿಸಿ, ಮೊದಲು 3 ಗಂಟೆ, ಮತ್ತೆ 2 ಗಂಟೆ ಕುದಿಸುತ್ತಾರೆ. ಹಾಸ್ಟೆಲಿನ ಕೆಟಲಿನಲ್ಲಿ ಆಗುವ ಕೆಲಸವಲ್ಲ.

ಬೇಕೇ ಬೇಕಿದ್ದರೆ ಆಲ್ಕೋಹಾಲ್ ಇಲ್ಲದ ರೂಪ ಸಿಗುತ್ತದೆ: ‘ಕೊವುಫುಯೆ’, ಅಂದರೆ ಕುಡಿಯುವ ದ್ರವ. ತೊಂದರೆ ಏನೆಂದರೆ ಅದೂ 10 ಮಿ.ಲೀ. ಸೀಸೆಯೇ, ಡಬ್ಬಿಯೂ ಹೆಚ್ಚುಕಡಿಮೆ ಅದೇ ತರಹ. ಚೀನೀ ಓದಲು ಬರದಿದ್ದರೆ ಹೆಸರಿನ ಅಕ್ಷರ ಎಣಿಸಿ. ದ್ರವದ ಸೀಸೆಯ ಮೇಲೆ ಐದೇ ಅಕ್ಷರವಿದ್ದರೆ ಅದು ಆಲ್ಕೋಹಾಲಿನದು. ಏಳಿದ್ದು, ಐದನೆಯದು ಬರೀ ಖಾಲಿ ಚೌಕದಂತೆ ಕಂಡರೆ (‘ಬಾಯಿ’ ಎಂಬ ಅಕ್ಷರ ಅದು) ಕೊವುಫುಯೆ. ಆಮೇಲೆ ಫೋನಿನ ಕ್ಯಾಮೆರಾ ಅನುವಾದವನ್ನು ಡಬ್ಬಿಯ ಹಿಂಬದಿಗೆ ಹಿಡಿದು ‘ಯಿಚುನ್’, ಅಂದರೆ ಎಥನಾಲ್, ಇದೆಯೇ ನೋಡಿ. ಮೂಸಿದರೂ ಗೊತ್ತಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ಸೀಸೆ ಒಡೆದಾಗಿರುತ್ತದೆ.

ಮಕ್ಕಳಿಗಂತೂ ಆ ಐದಕ್ಷರದ ಸೀಸೆ ಬೇಡವೇ ಬೇಡ. ಲೆಕ್ಕ ಹಾಕಿ: ಒಂದು ಸೀಸೆಯಲ್ಲಿ ಸುಮಾರು ಮೂರೂವರೆ ಗ್ರಾಂ ಶುದ್ಧ ಆಲ್ಕೋಹಾಲ್. 10 ಕಿಲೋ ತೂಕದ ಮಗುವಿನ ರಕ್ತದಲ್ಲಿ ಅದು 100 ಮಿ.ಲೀ.ಗೆ 50 ಮಿ.ಗ್ರಾಂ ದಾಟಬಹುದು. ಭಾರತದಲ್ಲಿ ವಾಹನ ಓಡಿಸುವವರಿಗಿರುವ ಮಿತಿ 30. ಎಳೆಯ ಮಕ್ಕಳಿಗೆ ಇದರಿಂದ ಸಕ್ಕರೆ ಅಂಶ ಕುಸಿಯುವ ಅಪಾಯವೂ ಇದೆ. ಹತ್ತಿಯಲ್ಲಿ ಅದ್ದಿ ಹೊಕ್ಕುಳಿಗೆ ಅಂಟಿಸುವ ಪದ್ಧತಿ ಅಲ್ಲಿದೆ. ಎಳೆಗೂಸಿನ ಚರ್ಮ ಆಲ್ಕೋಹಾಲನ್ನು ಹೀರುತ್ತದೆ, ಸುಡುತ್ತದೆ, ಅದೂ ಬೇಡ. ಭೇದಿಗೆ ಮೊದಲು ಕೊಡಬೇಕಾದದ್ದು ಓಆರ್‌ಎಸ್: 20.5 ಗ್ರಾಂ ಪೊಟ್ಟಣ ಪೂರ್ತಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ. ಊರಿಂದಲೇ ನಾಲ್ಕು ಪೊಟ್ಟಣ ಒಯ್ಯಿರಿ.

ಮಾತ್ರೆಯ ಜತೆ ಈ ಮದ್ದು ಸೇರಿಹೋಗಿ ಮುಖ ಕೆಂಪೇರಿದರೆ ಮದ್ದು, ಮಾತ್ರೆ ಎರಡನ್ನೂ ಅಲ್ಲಿಗೇ ನಿಲ್ಲಿಸಿ. ಕಾಲು ಎತ್ತರದಲ್ಲಿಟ್ಟು ಮಲಗಿಸಿ; ವಾಂತಿ ಬರುತ್ತಿದ್ದರೆ ಒಂದು ಮಗ್ಗುಲಿಗೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಸಿರಾಟ ಕಷ್ಟ, ಎದೆನೋವು, ತಲೆ ತಿರುಗಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಕಾಯದೆ ಚೀನಾದಲ್ಲಿ 120ಕ್ಕೆ ಕರೆ ಮಾಡಿ. ಖಾಲಿ ಸೀಸೆ, ಮಾತ್ರೆಯ ಸ್ಟ್ರಿಪ್ ಎರಡೂ ಜತೆಗಿರಲಿ. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಡಾಕ್ಟರಿಗೆ ಅರ್ಥವಾಗುವುದಿಲ್ಲ, ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಯ ಮೂಲ ಹೆಸರನ್ನೇ ಬೆರಳಿಟ್ಟು ತೋರಿಸಿ.