ಎರಡು ವೈಫೈ ಕಂಟ್ರೋಲರ್, ನಾಲ್ಕು ವರ್ಷ: ಒಂದು ಬಿದ್ದಾಗ ಇನ್ನೊಂದು ಎದ್ದು ನಿಂತಿತಾ?

ನಮ್ಮದು ಶಿವಮೊಗ್ಗ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜು. ವೈಫೈ ಸಿಗ್ನಲ್ ಕೊಡುವ 140 ಆಕ್ಸೆಸ್ ಪಾಯಿಂಟ್ (ಎಪಿ), ಎರಡು ಹಾಸ್ಟೆಲ್, ಆನ್‌ಲೈನ್ ಪರೀಕ್ಷೆಗೆ ಒಂದು ದೊಡ್ಡ ಲ್ಯಾಬ್. ಎಲ್ಲವನ್ನೂ ನಡೆಸಲು ಒಂದೇ ಮಾದರಿಯ ಎರಡು ವೈರ್‌ಲೆಸ್ ಕಂಟ್ರೋಲರ್ ಇವೆ. ನಾಲ್ಕು ವರ್ಷದಿಂದ ಅವುಗಳ ಜವಾಬ್ದಾರಿ ನನ್ನದು. ಕಂಪನಿಯ ಹೆಸರು ಬರೆಯುವುದಿಲ್ಲ. ನಮಗೆ ಬಂದ ತೊಂದರೆಗಳಲ್ಲಿ ಹೆಚ್ಚಿನವು ಯಾವ ಕಂಪನಿಯ ಜೋಡಿ ತಂದರೂ ಬರುವಂಥವೇ.

ಮೊದಲೇ ಹೇಳಿಬಿಡುತ್ತೇನೆ, ಪೆಟ್ಟಿಗೆ ಒಳ್ಳೆಯದು. ಆದರೆ ಎರಡನೆಯದನ್ನು ತಂದು ರ‍್ಯಾಕ್‌ಗೆ ಕೂರಿಸಿದ ತಕ್ಷಣ ಬ್ಯಾಕಪ್ ಸಿಕ್ಕಿತು ಅಂದುಕೊಳ್ಳಬೇಡಿ. ಅದರ ಸುತ್ತಲಿನ ಸ್ವಿಚ್, ಕೇಬಲ್, ಕರೆಂಟು, ಗಡಿಯಾರ ಎಲ್ಲವೂ ಜೋಡಿಯಾಗಿ ಸರಿ ಇರಬೇಕು. ಇದನ್ನು ನಾನು ಕಲಿತದ್ದು ಒಂದು ಮಳೆಯ ಸಂಜೆ.

ಮೊದಲ ವರ್ಷ ನಾವು ಎರಡನ್ನೂ ಬೇರೆ ಬೇರೆಯಾಗಿ ನಡೆಸಿದೆವು. ಒಂದು ಪ್ರೈಮರಿ, ಇನ್ನೊಂದು ಸೆಕೆಂಡರಿ. ಪ್ರೈಮರಿ ಹೋದರೆ ಎಪಿಗಳು ತಾವಾಗಿ ಸೆಕೆಂಡರಿಗೆ ಹೋಗಿ ಸೇರಿಕೊಳ್ಳುತ್ತವೆ. ಕೇಳಲು ಚೆನ್ನಾಗಿದೆ, ಆದರೆ ನಿಧಾನ. ಎಪಿ ಮತ್ತು ಕಂಟ್ರೋಲರ್ ಮಾತಾಡುವುದು ಕ್ಯಾಪ್‌ವ್ಯಾಪ್ ಎಂಬ ಪ್ರೋಟೋಕಾಲ್‌ನಲ್ಲಿ. 2009ರ ಆರ್‌ಎಫ್‌ಸಿ 5415 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಅದರ ನಿಯಮಗಳಿವೆ. ಯುಡಿಪಿ ಪೋರ್ಟ್ 5246ರಲ್ಲಿ ಕಂಟ್ರೋಲ್, 5247ರಲ್ಲಿ ಡೇಟಾ. 'ಇದ್ದೀಯಾ?' ಎಂದು ಎಪಿ ವಿಚಾರಿಸುವ ಎಕೋ ಸಂದೇಶದ ಅಂತರ ಅಲ್ಲಿ ಸಾಮಾನ್ಯವಾಗಿ 30 ಸೆಕೆಂಡು. ಉತ್ತರ ಬರದಿದ್ದರೆ ಮತ್ತೆ ಮತ್ತೆ ಕೇಳಿ, ಕೈಬಿಟ್ಟು, ಸೆಕೆಂಡರಿಯನ್ನು ಹುಡುಕಿ, ಹೊಸದಾಗಿ ಡಿಟಿಎಲ್‌ಎಸ್ (ಗುಟ್ಟಾದ, ಸುರಕ್ಷಿತ ಸಂಪರ್ಕ) ಮಾಡಿಕೊಂಡು ಸೇರಬೇಕು. ನಮ್ಮ ಲ್ಯಾಬ್‌ನಲ್ಲಿ ಇದಕ್ಕೆ ಎರಡು ನಿಮಿಷದ ಮೇಲೇ ಹಿಡಿಯುತ್ತಿತ್ತು. ಪರೀಕ್ಷೆ ಬರೆಯುತ್ತಾ ಕೂತ ಹುಡುಗಿಗೆ ಎರಡು ನಿಮಿಷ ತುಂಬಾ ದೊಡ್ಡದು ಅಲ್ವಾ?

ಇನ್ನೊಂದು ಸಂಕಟವೂ ಇತ್ತು. ಪ್ರೈಮರಿ ಮರಳಿ ಬಂದ ಕೂಡಲೇ ಎಪಿಗಳೆಲ್ಲ ಅದರ ಕಡೆಗೇ ಓಡುತ್ತಿದ್ದವು. ಅಂದರೆ ಒಂದು ತೊಂದರೆಗೆ ಎರಡು ಸಲ ವೈಫೈ ಕಟ್. ಹಾಗೆ ತಾನಾಗಿ ವಾಪಸ್ ಬರುವ ಆಯ್ಕೆಯನ್ನು ಆಫ್ ಮಾಡಿದೆ. ರಾತ್ರಿ ಹನ್ನೊಂದರ ನಂತರ ನಾನೇ ಕೈಯಾರೆ ಎಪಿಗಳನ್ನು ಮರಳಿಸುತ್ತಿದ್ದೆ. ನೀವೂ ಹೀಗೆ ಬೇರೆ ಬೇರೆಯಾಗಿ ನಡೆಸುತ್ತಿದ್ದರೆ ಇದನ್ನು ಮೊದಲು ನೋಡಿ. ಸೆಕೆಂಡರಿಯ ಐಪಿ (ನೆಟ್‌ವರ್ಕ್ ವಿಳಾಸ) ಲಾಗಿನ್ ಪರಿಶೀಲಿಸುವ ರೇಡಿಯಸ್ ಸರ್ವರ್‌ನ ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಎಪಿ ಎಲ್ಲ ಎದ್ದು ಕೂತಿರುತ್ತವೆ, ಲಾಗಿನ್ ಮಾತ್ರ ಒಬ್ಬರಿಗೂ ಆಗುವುದಿಲ್ಲ.

ಎರಡನೇ ವರ್ಷ ಎರಡನ್ನೂ ನಿಜವಾದ ಜೋಡಿ ಮಾಡಿದೆವು. ಒಂದು ಆಕ್ಟಿವ್, ಒಂದು ಸ್ಟ್ಯಾಂಡ್‌ಬೈ. ಎರಡಕ್ಕೂ ಒಂದೇ ಐಪಿ. ನಡುವೆ ನೇರ ಕೇಬಲ್. ಯಾರು ಯಾವ ಎಪಿಯಲ್ಲಿ ಇದ್ದಾರೆ, ಯಾರ ಲಾಗಿನ್ ಆಗಿದೆ ಎಂಬುದೆಲ್ಲ ಆ ಕೇಬಲ್ ಮೇಲೆ ಇನ್ನೊಂದಕ್ಕೆ ತಲುಪುತ್ತಿರುತ್ತದೆ. ಆಕ್ಟಿವ್ ಬಿದ್ದರೆ ಎಪಿಗೆ ಗೊತ್ತೇ ಆಗಬಾರದು. ಕಾಗದದ ಮೇಲೆ ಇದು ಬಲು ಚಂದ.

ಆಮೇಲೆ ಆ ಮೇ ತಿಂಗಳು ಬಂತು. ಸಂಜೆ ಆರೂವರೆ, ಗುಡುಗು ಮಳೆ. ಒಂದು ಯುಪಿಎಸ್ ಟ್ರಿಪ್ ಆಗಿ ಆಕ್ಟಿವ್ ಆರಿಹೋಯಿತು. ಸ್ಟ್ಯಾಂಡ್‌ಬೈ ಬೇರೆ ಯುಪಿಎಸ್‌ನಲ್ಲಿತ್ತು, ಸರಾಗವಾಗಿ ಎದ್ದಿತು. ಡ್ಯಾಶ್‌ಬೋರ್ಡ್‌ನಲ್ಲಿ 140 ಎಪಿಯೂ ಹಸಿರು. ನನಗೆ ನಿಜಕ್ಕೂ ಖುಷಿಯಾಯಿತು. ಐದು ನಿಮಿಷ ಆಗಿರಲಿಲ್ಲ, ಎರಡನೇ ಹಾಸ್ಟೆಲ್‌ನಿಂದ ಫೋನ್ ಶುರುವಾಯಿತು: "ವೈಫೈ ಕನೆಕ್ಟ್ ಆಗ್ತಿದೆ ಸಾರ್, ನೆಟ್ ಬರ್ತಿಲ್ಲ."

ಒಬ್ಬ ಹುಡುಗನ ಲ್ಯಾಪ್‌ಟಾಪ್ ನೋಡಿದೆ. ಐಪಿ 169.254ರಿಂದ ಶುರುವಾಗುತ್ತಿತ್ತು. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ವಿಳಾಸ ಸಿಗದೆ ಲ್ಯಾಪ್‌ಟಾಪ್ ತಾನೇ ಇಟ್ಟುಕೊಂಡ ವಿಳಾಸ ಅದು. ಡಿಎಚ್‌ಸಿಪಿ ಪೂಲ್‌ನ ವಿಳಾಸಗಳೆಲ್ಲ ಮುಗಿದಿರಬೇಕು ಅಂತ ಅದರ ಹಿಂದೆ ಬಿದ್ದು ಅರ್ಧ ಗಂಟೆ ಕಳೆದೆ. ಪೂಲ್‌ನಲ್ಲಿ ಇನ್ನೂ ವಿಳಾಸಗಳು ಉಳಿದಿದ್ದವು. ಕೊನೆಗೆ ಸರ್ವರ್‌ನ ಲಾಗ್ ತೆರೆದೆ. ಆ ಹಾಸ್ಟೆಲ್‌ನಿಂದ ಆರೂವರೆಯ ನಂತರ ಒಂದೇ ಒಂದು ವಿನಂತಿಯೂ ಬಂದಿರಲಿಲ್ಲ. ಸರ್ವರ್ ಕೊಡದೆ ಇದ್ದದ್ದಲ್ಲ, ಕೇಳಿದ್ದೇ ಅದಕ್ಕೆ ತಲುಪಿಲ್ಲ.

ಅಲ್ಲಿಂದ ದಾರಿ ಸುಲಭವಾಯಿತು. ನಮ್ಮಲ್ಲಿ ಡೇಟಾ ಎಲ್ಲ ಟನಲ್‌ನಲ್ಲಿ ಕಂಟ್ರೋಲರ್‌ಗೆ ಬಂದು, ಅಲ್ಲಿಂದ ಸ್ವಿಚ್‌ಗೆ ಇಳಿಯುತ್ತದೆ. ಎರಡು ಕಂಟ್ರೋಲರ್‌ಗಳ ಸ್ವಿಚ್ ಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ಮಾಡಿದ ನೆಟ್‌ವರ್ಕ್, ಅವನ್ನೆಲ್ಲ ಒಟ್ಟಿಗೆ ಒಯ್ಯುವ ಪೋರ್ಟ್ ಟ್ರಂಕ್. ಒಂದರ ಟ್ರಂಕ್‌ನಲ್ಲಿ ವಿಲ್ಯಾನ್ 10, 20, 30, 40. ಇನ್ನೊಂದರಲ್ಲಿ 10, 20, 30 ಅಷ್ಟೇ. ಎರಡನೇ ಹಾಸ್ಟೆಲ್ ಆದ ಮೇಲೆ 40 ಸೇರಿಸಿದ್ದು ಆಕ್ಟಿವ್ ಕಡೆಯ ಪೋರ್ಟ್‌ಗೆ ಮಾತ್ರ. ಕಂಟ್ರೋಲರ್‌ಗಳು ತಮ್ಮ ಕಾನ್ಫಿಗರೇಶನ್ ತಾವೇ ಹಂಚಿಕೊಳ್ಳುತ್ತವೆ. ಸ್ವಿಚ್‌ನ ಪೋರ್ಟ್ ಯಾರೂ ಹಂಚಿಕೊಡುವುದಿಲ್ಲ, ನಾವೇ ಮಾಡಬೇಕು. ಒಂದು ಸಾಲಿನ ಕಮಾಂಡ್ ಕೊಟ್ಟೆ. ಹಾಸ್ಟೆಲ್ ಎದ್ದಿತು. ಒಟ್ಟು ಒಂದು ಗಂಟೆ ಹತ್ತು ನಿಮಿಷ.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಆಕ್ಟಿವ್‌ನ ಪವರ್ ಕೇಬಲ್ಲನ್ನೇ ಕಿತ್ತು ನೋಡುತ್ತೇನೆ. ಮೆನುವಿನಲ್ಲಿ 'ಸ್ವಿಚ್‌ಓವರ್' ಬಟನ್ ಇದೆ, ಆದರೆ ಅದು ಬೇರೆ ಪರೀಕ್ಷೆ. ಬಟನ್ ಒತ್ತಿದರೆ ಎರಡೂ ಮಾತಾಡಿಕೊಂಡು ಸಭ್ಯವಾಗಿ ಕೆಲಸ ಬದಲಿಸಿಕೊಳ್ಳುತ್ತವೆ. ಕರೆಂಟು ಹೋಗುವಾಗ ಹಾಗೆ ಯಾರೂ ಹೇಳಿ ಹೋಗುವುದಿಲ್ಲ. ಪ್ರತಿ ವಿಲ್ಯಾನ್‌ನಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು ಪಿಂಗ್ (ಉತ್ತರ ಬರುತ್ತಾ ಅಂತ ಕಳಿಸುವ ಸಣ್ಣ ಸಂದೇಶ) ಬಿಟ್ಟಿರುತ್ತೇನೆ, ಸೆಕೆಂಡಿಗೆ ಐದು. ಸೆಕೆಂಡಿಗೆ ಒಂದೇ ಬಿಟ್ಟರೆ ಸಣ್ಣ ತಡೆ ಕಾಣುವುದೇ ಇಲ್ಲ. ಹೋದ ಸಲ ನಾಲ್ಕೋ ಐದೋ ಪಿಂಗ್ ಹೋದವು, ಅಂದರೆ ಒಂದು ಸೆಕೆಂಡು. ವಾಟ್ಸಾಪ್ ಕಾಲ್ ಒಮ್ಮೆ ತಡವರಿಸಿ ಮುಂದುವರಿಯಿತು. ಕೆಲಸ ಸರಿಯಾಗಿ ಆದಾಗ ಈ ಜೋಡಿ ಎಷ್ಟು ಚೆನ್ನ ಅಂತ ಆಗ ಗೊತ್ತಾಗುತ್ತದೆ. ಪಿಂಗ್ ಜೊತೆಗೆ ಹೊಸದಾಗಿ ಒಂದು ಫೋನ್ ಕನೆಕ್ಟ್ ಮಾಡಿಯೂ ನೋಡಿ. ಹಳೆಯ ಕನೆಕ್ಷನ್ ಉಳಿದ ಮಾತ್ರಕ್ಕೆ ಹೊಸ ಲಾಗಿನ್ ಆಗುತ್ತದೆ ಅಂತಲ್ಲ.

ಮೂರನೇ ವರ್ಷ ನಡುವಿನ ನೇರ ಕೇಬಲ್ ಕೈಕೊಟ್ಟಿತು. ಧೂಳು ಹೊಡೆಯುವಾಗ ಕ್ಲಿಪ್ ಮುರಿದಿದ್ದ ಕೇಬಲ್ ಸಡಿಲವಾಗಿತ್ತು. ಎರಡೂ ಪೆಟ್ಟಿಗೆ ಚೆನ್ನಾಗೇ ಇವೆ, ಆದರೆ ಇನ್ನೊಂದು ಸತ್ತಿತು ಅಂತ ಎರಡಕ್ಕೂ ಅನಿಸಿತು. ಸ್ಟ್ಯಾಂಡ್‌ಬೈ ಕೂಡ ಆಕ್ಟಿವ್ ಆಯಿತು. ಒಂದೇ ಐಪಿಗೆ ಇಬ್ಬರು ಯಜಮಾನರು. ಎಪಿಗಳು ಸೇರುವುದು, ಬೀಳುವುದು, ಮತ್ತೆ ಸೇರುವುದು. ಕೋರ್ ಸ್ವಿಚ್‌ನ ಲಾಗ್‌ನಲ್ಲಿ ಒಂದೇ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಎರಡು ಪೋರ್ಟ್‌ಗಳ ನಡುವೆ ಓಡಾಡುತ್ತಿದೆ ಎಂಬ ಸಾಲು ಕಂಡ ಕೂಡಲೇ ರೋಗ ತಿಳಿಯಿತು. ಸ್ಟ್ಯಾಂಡ್‌ಬೈಯನ್ನು ಆಫ್ ಮಾಡಿದೆ, ಎಲ್ಲ ಶಾಂತವಾಯಿತು. ಇಂಥ ಹೊತ್ತಲ್ಲಿ ಎರಡನ್ನೂ ಸುಮ್ನೆ ರೀಬೂಟ್ ಮಾಡುತ್ತಾ ಕೂರಬೇಡಿ, ಮೊದಲು ಒಂದನ್ನು ಆಫ್ ಮಾಡಿ.

ಆಗಿನ ಸಾಫ್ಟ್‌ವೇರ್ ಆ ಒಂದು ಕೇಬಲ್ಲನ್ನೇ ನಂಬಿತ್ತು. ನಂತರದ ಆವೃತ್ತಿಯಲ್ಲಿ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೂಲಕವೂ ಪರಸ್ಪರ ವಿಚಾರಿಸುತ್ತವೆ, ಗೇಟ್‌ವೇ ಸಿಗುತ್ತಿದೆಯಾ ಅಂತಲೂ ನೋಡುತ್ತವೆ. ಇದು ಬಂದ ಮೇಲೆ ಆ ಗೋಳು ಮರುಕಳಿಸಿಲ್ಲ. ಹಳೆಯ ಆವೃತ್ತಿಯಲ್ಲಿ ಇರುವವರು ದಯವಿಟ್ಟು ಅಪ್‌ಗ್ರೇಡ್ ಮಾಡಿ.

ಒಂದು ಪೆಟ್ಟಿಗೆಯ ಬೋರ್ಡ್ ಸುಟ್ಟು ಬದಲಿ ಬಂದಾಗಲೂ ಅರ್ಧ ದಿನ ಹೋಯಿತು. ಸಾಫ್ಟ್‌ವೇರ್ ಆವೃತ್ತಿ ಕೊನೆಯ ಅಂಕಿಯವರೆಗೂ ಒಂದೇ ಇಲ್ಲದಿದ್ದರೆ ಜೋಡಿಯಾಗುವುದಿಲ್ಲ. ಅದನ್ನು ಸರಿಮಾಡಿ, ಜೋಡಿ ಮಾಡುವ ಮೊದಲು ಒಂದೇ ಎಪಿಯನ್ನು ಅದಕ್ಕೆ ಕೊಟ್ಟು ನೋಡಿದೆ. ಸೇರಲಿಲ್ಲ. ಪೆಟ್ಟಿಗೆಯ ತಾರೀಖು ಎಷ್ಟೋ ವರ್ಷ ಹಿಂದಿತ್ತು. ಡಿಟಿಎಲ್‌ಎಸ್‌ನ ಸರ್ಟಿಫಿಕೇಟ್‌ಗೆ ಶುರುವಿನ ದಿನ, ಕೊನೆಯ ದಿನ ಎರಡೂ ಇರುತ್ತವೆ. ಗಡಿಯಾರ ತಪ್ಪಿದರೆ ಒಳ್ಳೆಯ ಸರ್ಟಿಫಿಕೇಟ್ ಕೂಡ ಸುಳ್ಳಾಗಿ ಕಾಣುತ್ತದೆ. ನೆಟ್‌ವರ್ಕ್‌ನಿಂದ ಗಡಿಯಾರ ಸರಿಮಾಡುವ ಎನ್‌ಟಿಪಿ ಹಾಕಿದ ಮೇಲೆ ಸೇರಿತು.

ಸಪೋರ್ಟ್‌ನವರು ಫೋನ್‌ಗೆ ಸಿಗುತ್ತಾರೆ, ಆದರೆ ಲಾಗ್ ನಾವೇ ಮೊದಲು ತೆಗೆದಿಟ್ಟಿರಬೇಕು. ರೀಬೂಟ್ ಆದ ಮೇಲೆ ಹಳೆಯ ಲಾಗ್ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ಲಾಗ್‌ಗಳನ್ನು ಕೂಡಿಡುವ ಹೊರಗಿನ ಸಿಸ್‌ಲಾಗ್ ಸರ್ವರ್ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಈ ವರ್ಷವೂ ಸಪೋರ್ಟ್ ನವೀಕರಿಸಲು ಪ್ರಾಂಶುಪಾಲರಿಗೆ ಬರೆದಿದ್ದೇನೆ. ಒಂದು ಅಂಕ ಕಡಿಮೆ ಮಾಡಿದ್ದು ಅಲರ್ಟ್‌ನ ಕೊರತೆಗಾಗಿ. ಆಕ್ಟಿವ್ ಬಿದ್ದರೆ ಮೇಲ್ ಬರುತ್ತದೆ. ಸ್ಟ್ಯಾಂಡ್‌ಬೈ ಸುಮ್ನೆ ಸತ್ತರೆ ಬರುವುದಿಲ್ಲ. ಹೋದ ಡಿಸೆಂಬರ್‌ನಲ್ಲಿ ನಮ್ಮ ಸ್ಟ್ಯಾಂಡ್‌ಬೈ ಹನ್ನೊಂದು ದಿನ ಆರಿಹೋಗಿತ್ತು. ಗೊತ್ತಾಗಿದ್ದು ಭಾನುವಾರದ ಪರೀಕ್ಷೆಗೆ ಅಂತ ರ‍್ಯಾಕ್ ಬಾಗಿಲು ತೆರೆದಾಗ. ಆ ದಿನ ಕೇಬಲ್ ಕೀಳಲಿಲ್ಲ. ಈಗ ಅದರ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ನಿಮಿಷಕ್ಕೊಂದು ಪಿಂಗ್ ಹೋಗುತ್ತಿರುತ್ತದೆ, ಉತ್ತರ ಬರದಿದ್ದರೆ ನನ್ನ ಫೋನ್‌ಗೆ ಮೆಸೇಜ್ ಬರುತ್ತದೆ.